ಎಡಗಡೆಯ ಶ್ರುತಿ

ತೊಂಬತ್ತರ ದಶಕದ ಕೊನೆಯಲ್ಲಿ ಚಾಮರಾಜಪೇಟೆಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿದ್ದೆ. ಮೆದುಳಿಗೆ ರಕ್ತ ಒಯ್ಯುವ ಕತ್ತಿನ ನಾಳಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಕಂಡದ್ದನ್ನು ರೋಗಿಗೆ ಹೇಳಕೂಡದು, ಡಾಕ್ಟರೇ ಹೇಳಬೇಕು ಎಂಬುದು ಅಲ್ಲಿನ ನಿಯಮ.

ಒಂದು ಬುಧವಾರ ವೀಣೆ ಮೇಷ್ಟ್ರೊಬ್ಬರು ಬಂದರು. ಹಿಂದಿನ ದಿನ ಪಾಠದ ನಡುವೆ ಐದು ನಿಮಿಷ ಬಲಗೈ ಬೆರಳುಗಳು ಮಾತು ಕೇಳಲಿಲ್ಲವಂತೆ. ಮಲಗಿಸಿ, ಕತ್ತಿನ ಬಲಗಡೆ ಯಂತ್ರದ ಹಿಡಿ ಇಟ್ಟೆ. ಸ್ಪೀಕರಿನಲ್ಲಿ ರಕ್ತ ಹರಿಯುವ ಸದ್ದು ಬಂತು. ಆಮೇಲೆ ಎಡಗಡೆ ಇಟ್ಟೆ.

ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು, “ಎಡಗಡೆ ಶ್ರುತಿ ಏರಿದೆಯಲ್ಲಪ್ಪಾ. ಇದು ಒಳ್ಳೇದಾ, ಕೆಟ್ಟದ್ದಾ?”

ಬರೀ ಕಿವಿಯಿಂದ ಅದನ್ನು ಹಿಡಿದ ರೋಗಿಯನ್ನು ನಾನು ಬೇರೆ ಕಂಡಿಲ್ಲ. ನಾಳ ಕಿರಿದಾದ ಕಡೆ ರಕ್ತ ನುಗ್ಗಿ ಹರಿಯುತ್ತದೆ, ಅದಕ್ಕೇ ಸದ್ದು ಏರುತ್ತದೆ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಎನ್ನಲು ಬಾಯಿ ತೆರೆದವನು, “ಡಾಕ್ಟರ್ ಹೇಳ್ತಾರೆ ಸಾರ್” ಅಂದೆ. ಆ ಡಾಕ್ಟರ್ ಬರುವುದು ಶನಿವಾರ.

“ಜೋರಾಗೇ ಹರೀತಿದೆ ಬಿಡಪ್ಪಾ” ಎಂದು ತಾವೇ ಸಮಾಧಾನ ಮಾಡಿಕೊಂಡು ಹೊರಟರು.

ಶುಕ್ರವಾರ ಲಕ್ವ ಹೊಡೆಯಿತು. ಬಲಗೈ, ಮಾತು ಎರಡೂ ಹೋದವು.

ತಿಂಗಳಾದ ಮೇಲೆ ಮಗಳು ಅವರನ್ನು ಗಾಲಿಕುರ್ಚಿಯಲ್ಲಿ ಮತ್ತೆ ಕರೆತಂದಳು. ಈ ಸಲ ಏನು ಕೇಳಿದರೂ ಹೇಳಿಬಿಡುವುದು, ಕೆಲಸ ಹೋದರೆ ಹೋಗಲಿ ಅಂದುಕೊಂಡಿದ್ದೆ. ಯಂತ್ರ ಸದ್ದು ಮಾಡುತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತಾ ಮಲಗಿದ್ದರು.

ನಮ್ಮ ಸೆಂಟರಿನ ನಿಯಮಕ್ಕೆ ಹೇಳಿಮಾಡಿಸಿದಂಥ ರೋಗಿ.