ಮಗುಚಿ ಹಾಕಿದ ಸೌರಕೋಶ

ಬಿಸಿಲಿಗೆ ಹರಡಿದ ವಸ್ತು ಯಾವುದೇ ಇರಲಿ, ಅದನ್ನೊಮ್ಮೆ ಮಗುಚಿ ಹಾಕದೆ ಮುಂದೆ ಹೋಗಲಾರದ ಜನ ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಮುಳಬಾಗಿಲಿನ ನನ್ನ ಚಿಕ್ಕಮ್ಮನಂತೂ ಆ ಪಂಥದ ಪೀಠಾಧಿಪತಿ. ಹಪ್ಪಳ, ಮೆಣಸಿನಕಾಯಿ, ಹಾಸಿಗೆಗಳೆಲ್ಲ ಅವರ ಕೈಯಲ್ಲಿ ಉಭಯಪಾರ್ಶ್ವ ನ್ಯಾಯ ಪಡೆದೇ ತಾರಸಿಯಿಂದ ಇಳಿಯುತ್ತಿದ್ದವು.

ಹೊಸ ಶತಮಾನ ಆಗತಾನೇ ಕಣ್ಣು ಬಿಟ್ಟಿದ್ದ ದಿನಗಳು. ಕೋಲಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ನನಗೆ ಹಣ್ಣಿನ ಬಣ್ಣದಿಂದ ಸೌರಕೋಶ ಮಾಡುವ ಹುಚ್ಚು ಹಿಡಿದಿತ್ತು, ಪಿಎಚ್‌.ಡಿ. ಎಂಬುದು ಆ ಹುಚ್ಚಿನ ಸಂಭಾವಿತ ನಾಮಧೇಯ. ಬೈರಕೂರಿನ ರೇಷ್ಮೆ ತೋಟದಿಂದ ತಂದ ಹಿಪ್ಪುನೇರಳೆ ಹಣ್ಣಿನ ರಸವನ್ನು ಒಂದು ಗಾಜಿಗೆ ಬಳಿದ ಬಿಳಿ ಲೇಪಕ್ಕೆ ಕುಡಿಸಿ, ದೀಪದ ಮಸಿ ಹಿಡಿಸಿದ ಇನ್ನೊಂದು ಗಾಜನ್ನು ಅದಕ್ಕೆ ಜೋಡಿಸಿದರೆ, ಬಿಸಿಲಿನಲ್ಲಿ ಮೀಟರಿನ ಮುಳ್ಳು ಏಳುತ್ತಿತ್ತು. ಸಂಜೆಯೊಳಗೆ ಕೋಶ ಸತ್ತೇ ಹೋಗುತ್ತಿತ್ತು. ಸೆಖೆಯೋ, ಗಾಳಿಯ ತೇವವೋ, ಬೆಳಕೋ, ಕೊಲೆಗಾರ ಯಾರೆಂಬುದು ಮಾತ್ರ ತಿಳಿದಿರಲಿಲ್ಲ. ಈ ಸಲವೂ ಕಾರಣ ಹೇಳದಿದ್ದರೆ ಸಂಶೋಧನೆಯ ವಿಷಯವನ್ನೇ ಬದಲಿಸಬೇಕೆಂದು ಎಚ್ಚರಿಸಿದ್ದ ನನ್ನ ಗುರುಗಳು, ಬೆಂಗಳೂರಿನಿಂದ ಖುದ್ದಾಗಿ ನೋಡಲು ಬರುವವರಿದ್ದರು. ನನ್ನ ಬಾಡಿಗೆ ಕೋಣೆಗೆ ತಾರಸಿಯ ಭಾಗ್ಯವಿರಲಿಲ್ಲ. ಆದ್ದರಿಂದ ಅವರು ಬರುವ ದಿನ ಬೆಳಿಗ್ಗೆಯೇ ಕೋಶಗಳನ್ನು ಚಿಕ್ಕಮ್ಮನ ಹಪ್ಪಳಗಳ ಪಕ್ಕ ಸಾಲಾಗಿಟ್ಟು, ಕೋಲಾರದ ಬಸ್ಸು ಹಿಡಿದು ಪಾಠಕ್ಕೆ ಓಡಿದೆ.

ಇಳಿಬಿಸಿಲಿನಲ್ಲಿ ಗುರುಗಳೊಂದಿಗೆ ತಾರಸಿ ಹತ್ತಿದರೆ, ಅರ್ಧ ಸಾಲು ಬೋರಲು ಮಲಗಿತ್ತು: ಮಸಿ ಮೇಲೆ, ಹಣ್ಣು ಕೆಳಗೆ.

"ನಾನೇ ಕಣೋ ಮಗುಚಿದ್ದು. ಒಂದೇ ಕಡೆ ಒಣಗಿದ್ರೆ ಬೂಸ್ಟು ಹಿಡಿಯಲ್ವಾ? ಅಷ್ಟರಲ್ಲಿ ಹಾಲಿನವಳು ಕೂಗಿದ್ಲು, ಮಿಕ್ಕಿದ್ದು ಹಾಗೇ ಉಳೀತು. ಏಮಿ, ತಪ್ಪಾಯ್ತಾ?" ಎಂದರು ಚಿಕ್ಕಮ್ಮ.

ಸುಟ್ಟ ಹಪ್ಪಳದಂತೆ ನನ್ನ ಮುಖ ಸೊಟ್ಟಗಾಯಿತು. ಗುರುಗಳು ಒಂದೊಂದಕ್ಕೂ ಮೀಟರಿನ ತಂತಿ ಮುಟ್ಟಿಸುತ್ತಾ ಹೋದರು. ಇಟ್ಟಂತೆಯೇ ಇದ್ದ ಕೋಶಗಳಲ್ಲಿ ಉಸಿರಿರಲಿಲ್ಲ. ಬೋರಲು ಬಿದ್ದವನ್ನು ಸೂರ್ಯನ ಕಡೆ ತಿರುಗಿಸಿದ್ದೇ ತಡ, ಮುಳ್ಳು ಚಂಗನೆ ಎದ್ದಿತು.

"ಒಂದೇ ತಾರಸಿ, ಒಂದೇ ಸೆಖೆ, ಒಂದೇ ಗಾಳಿ. ವ್ಯತ್ಯಾಸ ಬೆಳಕೊಂದೇ ಅಲ್ವೇನ್ರೀ?" ಎಂದ ಗುರುಗಳು, ವಿಷಯ ಬದಲಿಸುವುದು ಬೇಡ, ಅತಿನೇರಳೆ ಕಿರಣ ತಡೆಯುವ ಸೋಸುಗಾಜೊಂದನ್ನು ಮೇಲೆ ಹೊದಿಸಿ ನೋಡಿ ಎಂದು ಬೆನ್ನು ತಟ್ಟಿದರು. ನನ್ನ ವಿದ್ವತ್ತಿಗೆ ದಕ್ಕದ ಪ್ರಯೋಗ ಹಾಲಿನವಳ ಕೂಗಿನಿಂದ ಸಿದ್ಧಿಸಿತ್ತು. ಸಂತೋಷಕ್ಕೆ ನನಗೆ ಊಟ ಸೇರಲಿಲ್ಲ.

ಚಿಕ್ಕಮ್ಮನಿಗೆ ಮಾತ್ರ ಸಂಕಟ. "ಬಿಸಿಲು ಕಂಡ್ರೆ ಸಾಯೋದನ್ನ ಬಿಸಿಲಿಗೇ ಹಾಕಿ ಕರೆಂಟ್ ಕೇಳ್ತೀಯಲ್ಲೋ, ಪಾಪಂ!"

ಮರುದಿನ ಹೊಸ ಕೋಶಗಳನ್ನಿಟ್ಟು, ಮಧ್ಯಾಹ್ನ ಮೀಟರು ಹಿಡಿದು ಹೋದೆ. ಮುಳ್ಳು ಅಲ್ಲಾಡುವ ಪ್ರಶ್ನೆಯೇ ಇರಲಿಲ್ಲ. ಇಡೀ ಸಾಲಿನ ಮೇಲೆ ಚಿಕ್ಕಮ್ಮನ ಕಪ್ಪು ಕೊಡೆ ಬಿಚ್ಚಿ ನಿಂತಿತ್ತು. ಅದು ಗಾಳಿಗೆ ಹಾರದಿರಲೆಂದು ಹಿಡಿಗೆ ರುಬ್ಬುಗುಂಡಿನ ಭಾರವನ್ನೂ ಇಟ್ಟಿದ್ದರು. ನನ್ನ ಸಂಶೋಧನೆಯನ್ನು ಅಷ್ಟು ಅಕ್ಕರೆಯಿಂದ ಅದುವರೆಗೆ ಯಾರೂ ಕಾಪಾಡಿರಲಿಲ್ಲ. ಕೊಡೆ ಮಡಚಲು ಮನಸ್ಸಾಗದೆ, ಆ ದಿನದ ಮಟ್ಟಿಗೆ ನಾನೂ ಅದರ ನೆರಳಿನಲ್ಲೇ ಕೂತೆ.