ಮುತ್ಯಾಲಮ್ಮ ಮಷೀನಿಗಿಟ್ಟ ಬೊಟ್ಟು

ವಕ್ಕಲೇರಿಯ ಮುತ್ಯಾಲಮ್ಮನಿಗೆ ಮಾಲೂರಿನ ಎರಕದ ಫ್ಯಾಕ್ಟರಿಯೊಂದು ಹದಿನೇಳು ದಿನದ ಕೂಲಿ ಕೊಡಬೇಕು. ಆಯುಧಪೂಜೆ ಕಳೆದು ನಾಲ್ಕು ತಿಂಗಳಾಯಿತು, ಕೊಟ್ಟಿಲ್ಲ.

ಹನ್ನೊಂದು ವರ್ಷ ಆಕೆ ಅಲ್ಲಿ ಮಾಡಿದ್ದು ಒಂದೇ ಕೆಲಸ. ಲಾರಿಗಳ ಬ್ರೇಕಿಗೆ ಹೋಗುವ ಕಬ್ಬಿಣದ ಬಿಲ್ಲೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಸರಳಿನಿಂದ ಒಮ್ಮೆ ತಟ್ಟುವುದು. ಠಣ್ ಎಂದರೆ ಗಟ್ಟಿ. ಸದ್ದು ಒಳಗೇ ಸತ್ತರೆ ಬಿರುಕು. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರೆಲ್ಲ ಹೀಗೇ ತಟ್ಟಿ ನೋಡುತ್ತಾರೆ. ಅದಕ್ಕೇ ಕಂಪನಿ ಸುತ್ತಲ ಹಳ್ಳಿಗಳಿಂದ ಹನ್ನೆರಡು ಹೆಂಗಸರನ್ನು ಇಟ್ಟುಕೊಂಡಿತ್ತು, ಕಲಿಸುವ ಖರ್ಚಿರಲಿಲ್ಲ. ಮುತ್ಯಾಲಮ್ಮ ತಟ್ಟಿ ಬಿಟ್ಟ ಬಿಲ್ಲೆ ಒಂದೂ ವಾಪಸ್ ಬಂದದ್ದಿಲ್ಲ. ಅದು ಆಕೆಯ ಜಂಬ. ಆ ಜಂಬಕ್ಕಾಗಿಯೇ ಜ್ವರವಿದ್ದರೂ ಕಂಪನಿ ವ್ಯಾನು ಹತ್ತುತ್ತಿದ್ದಳು.

ಹೋದ ವರ್ಷ ಆಕೆಯ ಮೇಜಿಗೆ ಮೈಕು ಕಟ್ಟಿದರು. ಆಕೆ ತಟ್ಟಿದ್ದು, "ಇದು ಬ್ಯಾಡ" ಅಂದದ್ದು, ಎಲ್ಲವನ್ನೂ ಆರು ವಾರ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಮಷೀನು ಬಂತು. ತಟ್ಟಲು ಸುತ್ತಿಗೆ, ಕೇಳಲು ಮೈಕು, ನೋಡಲು ಕ್ಯಾಮೆರಾ. ಹನ್ನೊಂದು ಹೆಂಗಸರು ಮನೆಗೆ ಹೋದರು. ಮುತ್ಯಾಲಮ್ಮ ಉಳಿದಳು, ಬಿಲ್ಲೆ ಎತ್ತಿ ಮಷೀನಿನ ಬಾಯಿಗಿಡಲು. ಅಭ್ಯಾಸಬಲದಿಂದ ಒಮ್ಮೊಮ್ಮೆ ತಾನೂ ತಟ್ಟಿಬಿಡುತ್ತಿದ್ದಳು. ಎರಡು ಸೆಕೆಂಡ್ ತಡ ಎಂದು ಪರದೆಯಲ್ಲಿ ಕೆಂಪು ಬೀಳುತ್ತಿತ್ತು. ಸೂಪರ್‌ವೈಸರ್ ಮಾಧವ್ ಬಂದು, "ಅಮ್ಮಾ, ಇದು ಗಡಿಗೆ ಅಂಗಡಿ ಅಲ್ಲ," ಎಂದು ಸರಳು ಕಿತ್ತುಕೊಂಡು ಹೋದ.

ಆಯುಧಪೂಜೆಯ ದಿನ ಅದೇ ಮಾಧವ್, "ನಿನ್ ಮಷೀನಿಗೆ ನೀನೇ ಪೂಜೆ ಮಾಡು. ಫೋಟೋ ಹೆಡ್ಡಾಫೀಸಿಗೆ ಹೋಗತ್ತೆ, ಲಕ್ಷಣವಾಗಿರ್ಲಿ," ಎಂದ. ಮನೆಯಲ್ಲಿ ಕುಡುಗೋಲಿಗೆ ಮಾಡುವಂತೆಯೇ ಮಾಡಿದಳು. ಒರೆಸಿದಳು, ಅರಿಶಿನ ಹಚ್ಚಿದಳು. ಬೊಟ್ಟಿಡಲು ಹಣೆ ಹುಡುಕಿದಳು. ಮೇಲುಗಡೆ ಗುಂಡಗೆ ಒಂದು ಗಾಜಿತ್ತು. ಅದರ ನಡುವೆ ಕುಂಕುಮ ಇಟ್ಟಳು. ಮಾಧವ್ ಪಕ್ಕದಲ್ಲೇ ಕೈಮುಗಿದು ನಿಂತು ಫೋಟೋ ತೆಗೆಸಿಕೊಂಡ.

ರಜೆ ಮುಗಿದ ಬೆಳಿಗ್ಗೆ ಮಷೀನು ಎಲ್ಲ ಬಿಲ್ಲೆಗಳನ್ನೂ ಗುಜರಿಗೆ ತಳ್ಳತೊಡಗಿತು. ಅದರ ಕಣ್ಣಿಗೆ ಪ್ರತಿಯೊಂದರ ಮೇಲೂ ಕೆಂಪು ಕಲೆ. ಯಾಕೆಂದು ಯಾರಿಗೂ ಹೊಳೆಯಲಿಲ್ಲ. ಮುತ್ಯಾಲಮ್ಮ ಎರಡು ಬಿಲ್ಲೆ ಎತ್ತಿ ಒಂದಕ್ಕೊಂದು ತಟ್ಟಿದಳು.

"ಸಾರ್, ಇವು ಚೆನ್ನಾಗವೆ. ಕೇಳಿ ಒಂದ್ಸಲ."

"ಕೇಳೋಕೆ ಮಷೀನಿದೆ. ನೀನು ಇಡು."

"ಸಂಜೆ ಒಳಗೆ ನಾನೇ ಆರಿಸಿಕೊಡ್ತೀನಿ. ಸರಳು ಕೊಡಿ ಸಾಕು."

"ನಿನ್ ಕಿವಿಗೆ ಸರ್ಟಿಫಿಕೇಟ್ ಇದೆಯಾ?"

ಎರಡು ಸಾವಿರ ಗಟ್ಟಿ ಬಿಲ್ಲೆಗಳು ಕುಲುಮೆಗೆ ಹೋದವು. ತಳ್ಳುಗಾಡಿಯಲ್ಲಿ ತುಂಬಿ ತಳ್ಳಿದ್ದೂ ಆಕೆಯೇ. ಮರುದಿನ ರಿಪೇರಿಯವನು ಬಂದು ಗಾಜಿನ ಮೇಲಿನ ಕುಂಕುಮ ಒರೆಸಿದ. ಮಧ್ಯಾಹ್ನಕ್ಕೆ ಮುತ್ಯಾಲಮ್ಮ ಗೇಟಿನ ಆಚೆ ಇದ್ದಳು. ನಷ್ಟಕ್ಕೆ ಕೂಲಿ ಹಿಡಿದುಕೊಂಡಿದ್ದೇವೆ ಎಂದರು.

ಊರಿಗೆ ಬಂದರೆ, ಮೊದಲೇ ಕೆಲಸ ಕಳೆದುಕೊಂಡಿದ್ದ ಅನಸೂಯಮ್ಮ ನಲ್ಲಿಯ ಹತ್ತಿರ ಕಾದಿದ್ದಳು. "ಏನೇ ಮುತ್ಯಾಲು, ಮಗು ಅಂತ ಬೊಟ್ಟಿಟ್ಟೆ, ಅದು ನಿನ್ನೇ ಕಚ್ತಾ?" ಸುತ್ತ ನಿಂತವರು ನಕ್ಕರು. ಮಷೀನಿಗೆ ಕಿವಿ ಕೊಟ್ಟವಳು ಇವಳೇ ಎಂಬ ಸಿಟ್ಟು ಅವರಿಗಿನ್ನೂ ಆರಿರಲಿಲ್ಲ.

ಹೋದ ವಾರ ಮುತ್ಯಾಲಮ್ಮ ನನಗೆ ಸಂತೆಯಲ್ಲಿ ಸಿಕ್ಕಳು. ಗಡಿಗೆ ಎತ್ತಿಕೊಂಡು ಹಾಗೇ ದುಡ್ಡು ಕೊಟ್ಟಳು.

"ತಟ್ಟಿ ನೋಡೇ," ಅಂದೆ.

"ಯಾಕಕ್ಕಾ. ಸೋರಿದ್ರೆ ಸೋರ್ಲಿ ಬಿಡು."

ಸೋರಿತು. ಅದರಲ್ಲೇ ನೀರು ಹೊರುತ್ತಿದ್ದಾಳೆ. ಬದಲಾಯಿಸಿಕೊಂಡು ಬರುವ ಹುಮ್ಮಸ್ಸೂ ಉಳಿದಿಲ್ಲ.

ಆ ಫೋಟೋ ಈಗಲೂ ಕಂಪನಿಯ ಮುಂಬಾಗಿಲ ಗೋಡೆಯ ಮೇಲಿದೆ. ಗಾಜಿನ ಮೇಲಿನ ಬೊಟ್ಟು, ಮಾಧವನ ಮುಗಿದ ಕೈ, ಎರಡೂ ಸ್ಪಷ್ಟ. ಆಕೆಯ ಕಿವಿಯನ್ನೂ ಇಟ್ಟುಕೊಂಡರು, ಕೂಲಿಯನ್ನೂ ಇಟ್ಟುಕೊಂಡರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಈ ಕರಪತ್ರ ಹಂಚುತ್ತಿರುವ ಸುತ್ತಲ ಹಳ್ಳಿಗಳ ಹೆಂಗಸರು ನಾವು ಆ ಗೇಟಿನ ಮುಂದೆ ಇರುತ್ತೇವೆ. ಓದಿ ಅಯ್ಯೋ ಪಾಪ ಎಂದು ಮಡಚಿಡಬೇಡಿ. ಕೈಗೊಂದು ಕಬ್ಬಿಣದ ತುಂಡು ಹಿಡಿದು ಬನ್ನಿ, ಕೂಲಿ ಹೊರಗೆ ಬರುವತನಕ ಆ ಗೇಟನ್ನು ತಟ್ಟಿ.