ಎರಡನೇ ಶೆಡ್ಡಿನ ಕಿವಿಗಳು

ಸಂಶೋಧನಾ ಸಂಸ್ಥೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ವರದಿಯಮ್ಮ. ಮೂವತ್ತೊಂದು ವರ್ಷಕ್ಕೆ ಅಮ್ಮ ಅನ್ನಿಸಿಕೊಳ್ಳುವುದು ಅವಳಿಗೇನೂ ಇಷ್ಟವಿರಲಿಲ್ಲ. ಆದರೆ ಆರು ತಿಂಗಳಿಗೊಮ್ಮೆ ಅನುದಾನ ಮಂಡಳಿಗೆ ಕಳಿಸಬೇಕಾದ ಪ್ರಗತಿ ವರದಿಯನ್ನು ಅವಳ ಹಾಗೆ ಬರೆಯುವವರು ಆ ಮೂರು ಮಹಡಿಯಲ್ಲಿ ಇನ್ನೊಬ್ಬರಿರಲಿಲ್ಲ. ಜನರ ತೆರಿಗೆಯಲ್ಲಿ ನಡೆಯುವ ಸಂಶೋಧನೆ ಅಂದಮೇಲೆ ಏನು ಮಾಡಿದಿರಿ, ಇನ್ನೆಷ್ಟು ಉಳಿದಿದೆ ಎಂದು ಕೇಳುವವರು ಕೇಳಿಯೇ ಕೇಳುತ್ತಾರೆ. ಆ ಹನ್ನೆರಡು ಪುಟದ ನಮೂನೆ ಕಂಡರೆ ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಜ್ವರ ಬರುತ್ತಿತ್ತು. ಇವಳಿಗೆ ಅದು ನೀರು ಕುಡಿದಷ್ಟು ಸಲೀಸು.

ಅವಳ ಪಾಲಿಗೆ ಬಂದಿದ್ದು ನೇಯ್ಗೆ ಗಿರಣಿಯ ಅಧ್ಯಯನ. ಮಗ್ಗಗಳ ಸದ್ದು ಕೆಲಸಗಾರರ ಕಿವಿಯನ್ನು ಎಷ್ಟು ಕಾಲದಲ್ಲಿ ಎಷ್ಟು ತಿನ್ನುತ್ತದೆ, ಕಿವಿಗೆ ಬಿರಡೆ ಹಾಕಿಕೊಂಡರೆ ಎಷ್ಟು ಉಳಿಯುತ್ತದೆ ಎಂದು ನೋಡುವುದು. ಒಂದು ಶೆಡ್ಡಿನ ಅರವತ್ತು ಜನರಿಗೆ ಬಿರಡೆ ಕೊಡಬೇಕು, ಇನ್ನೊಂದರ ಅರವತ್ತು ಜನರಿಗೆ ಕೊಡಬಾರದು, ನಾಲ್ಕು ವರ್ಷ ಎರಡನ್ನೂ ಹೋಲಿಸಬೇಕು. ಯಾವ ಶೆಡ್ಡಿಗೆ ಎಂದು ಚೀಟಿ ಎತ್ತಿದವಳು ಇವಳೇ. ಮೊದಲನೇ ಶೆಡ್ಡು ಬಂತು. ಅವಳ ಅಣ್ಣ ನೇಯುತ್ತಿದ್ದದ್ದು ಎರಡನೆಯದರಲ್ಲಿ.

ಅಪ್ಪ ಅಮ್ಮ ಹೋದಮೇಲೆ ಅವಳನ್ನು ಸಾಕಿ ಓದಿಸಿದವನು ಅವನು. ವಿಷಯವನ್ನು ಅವಳೇನೂ ಮುಚ್ಚಿಡಲಿಲ್ಲ. ಯೋಜನೆಯ ಮುಖ್ಯಸ್ಥೆಗೆ, ಅಂದರೆ ಮೇಡಂಗೆ, ಮೊದಲ ದಿನವೇ ಹೇಳಿದ್ದಳು. ನಾವು ಬರೆಯುವುದು ನಂಬರು, ಹೆಸರಲ್ಲ, ಏನೂ ತೊಂದರೆಯಿಲ್ಲ ಎಂದಿದ್ದರು ಅವರು. ಹಾಗೆ ಅಣ್ಣ ಎರಡನೇ ಶೆಡ್ಡಿನ ನಲವತ್ತೇಳನೇ ನಂಬರಾದ.

ಮೊದಲೆರಡು ವರ್ಷ ಎಲ್ಲ ಸರಿಯಾಗಿಯೇ ಇತ್ತು. ಆರು ತಿಂಗಳಿಗೊಮ್ಮೆ ಗಿರಣಿಯ ಅಂಗಳದಲ್ಲಿ ಪರೀಕ್ಷೆಯ ವ್ಯಾನು ನಿಲ್ಲುತ್ತಿತ್ತು. ಒಳಗೆ ಸದ್ದು ಹೋಗದ ಪುಟ್ಟ ಕೋಣೆ, ಅದಕ್ಕೊಂದು ಗಾಜಿನ ಕಿಟಕಿ. ಕೆಲಸಗಾರ ಕಿವಿಗೆ ಯಂತ್ರ ಹಾಕಿಕೊಂಡು ಕೂರುತ್ತಾನೆ. ಇವಳು ಹೊರಗಿನಿಂದ ಗುಂಡಿ ಒತ್ತಿ ಸಣ್ಣದೊಂದು ದನಿ ಕಳಿಸುತ್ತಾಳೆ. ಕೇಳಿಸಿದರೆ ಅವನೂ ತನ್ನ ಕೈಯಲ್ಲಿನ ಗುಂಡಿ ಒತ್ತಬೇಕು. ಒತ್ತಿದರೆ ಇವಳ ಮುಂದಿನ ಪೆಟ್ಟಿಗೆಯಲ್ಲಿ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ. ಇವಳು ಹಾಳೆಯ ಮೇಲೆ ಚುಕ್ಕಿ ಇಡುತ್ತಾಳೆ, ಚುಕ್ಕಿಗಳು ಸೇರಿ ಗೆರೆಯಾಗುತ್ತವೆ. ಮೂರನೇ ವರ್ಷ ಎರಡನೇ ಶೆಡ್ಡಿನ ಗೆರೆಗಳು ಬಲಗಡೆ, ತೆಳು ದನಿಗಳಿರುವ ಕಡೆ, ಕೆಳಕ್ಕೆ ಜಾರತೊಡಗಿದವು. ನಲವತ್ತೇಳರದ್ದು ಎಲ್ಲರಿಗಿಂತ ಜಾಸ್ತಿ ಜಾರಿತು.

ಗೆರೆ ನೋಡಿಯೇ ತಿಳಿಯಬೇಕೆಂದೇನೂ ಇರಲಿಲ್ಲ. ಆ ಹೊತ್ತಿಗೆ ಮನೆಯಲ್ಲಿ ಅತ್ತಿಗೆ ಗಂಡನ ಎದುರು ಹೋಗಿ ನಿಂತು ಮಾತಾಡುವುದು ರೂಢಿ ಮಾಡಿಕೊಂಡಿದ್ದಳು. ಕಿವಿ ಹೋಗುವಾಗ ಮೊದಲು ಹೋಗುವುದು ತೆಳು ದನಿ. ಅಣ್ಣನ ಆರು ವರ್ಷದ ಮಗಳದ್ದು ತೆಳು ದನಿ. ಅಪ್ಪ ನನ್ನ ಜೊತೆ ಠೂ ಬಿಟ್ಟಿದಾನೆ, ಕರೆದರೆ ಓ ಅನ್ನಲ್ಲ ಎಂದು ಅವಳು ಅತ್ತೆಯ ಹತ್ತಿರ ಬಂದು ದೂರು ಹೇಳಿದಳು. ಅತ್ತೆ, ಗಟ್ಟಿಯಾಗಿ ಕರಿ ಎಂದಳು.

ಅವಳು ಮೇಡಂ ಹತ್ತಿರ ಹೋದಳು. ಎರಡನೇ ಶೆಡ್ಡಿಗೂ ಈಗಲೇ ಬಿರಡೆ ಕೊಟ್ಟರಾಗದೇ ಎಂದು ಕೇಳಿದಳು. ಮೇಡಂ ಕೆಟ್ಟವರಲ್ಲ. ಬಾಗಿಲು ಹಾಕಿ, ಅವಳನ್ನು ಕೂರಿಸಿಕೊಂಡು ಮಾತಾಡಿದರು.

"ನೋಡು, ಈಗ ಕೊಟ್ಟುಬಿಟ್ಟರೆ ಮೂರು ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ. ಮುಗಿಸಿದರೆ ಈ ಒಂದು ಗಿರಣಿಗಲ್ಲ, ಎಲ್ಲಾ ಗಿರಣಿಗೂ ಕಾನೂನು ಬರಬಹುದು. ಇನ್ನೊಂದೇ ವರ್ಷ. ನಿನ್ನ ಅಣ್ಣನಿಗೆ ನಾನೇನು ಹೇಳಲಿ, ನೀನೇ ಹೇಳು."

ಅವಳು ಗಿರಣಿಯ ವ್ಯವಸ್ಥಾಪಕನನ್ನೂ ಕೇಳಿ ನೋಡಿದಳು. ಅವನು ಇನ್ನೂ ಸುಲಭವಾಗಿ ಕೈ ತೊಳೆದುಕೊಂಡ. ನೀವೇ ಅಲ್ಲವೇ ಕೊಡಬೇಡಿ ಅಂದವರು, ನಿಮ್ಮ ಅಧ್ಯಯನ ಮುಗಿಯಲಿ, ಮಾರನೇ ದಿನವೇ ಎಲ್ಲರಿಗೂ ಕೊಡುತ್ತೇವೆ, ಬರೆದುಕೊಟ್ಟಿಲ್ಲವೇ ಎಂದ.

ಕೊನೆಗೆ ಅವಳು ಮಾಡಬಾರದ್ದನ್ನು ಮಾಡಿದಳು. ಸಂಸ್ಥೆಯ ಕಪಾಟಿನಿಂದ ಒಂದು ಜೊತೆ ಬಿರಡೆ ತಂದು ಅಣ್ಣನ ಕೈಗಿಟ್ಟಳು. ಯಾರಿಗೂ ಹೇಳಬೇಡ ಎಂದಳು. ಅವನು ಎರಡು ದಿನ ಹಾಕಿಕೊಂಡ, ಮೂರನೇ ದಿನ ಕಾಗದದಲ್ಲಿ ಸುತ್ತಿ ವಾಪಸ್ ತಂದ. ಪಕ್ಕದ ಮಗ್ಗದವನು ನೋಡಿ, ನಿನಗೊಬ್ಬನಿಗೇ ಎಲ್ಲಿಂದ ಬಂತು ಎಂದು ಕೇಳಿದ್ದನಂತೆ.

"ಅರವತ್ತು ಜನರಿಗೂ ತಂದುಕೊಡೋಕಾಗುತ್ತಾ ನಿನಗೆ?" ಎಂದ ಅಣ್ಣ.

ಅವಳು ತಲೆ ಅಲ್ಲಾಡಿಸಿದಳು.

"ಹಾಗಾದರೆ ಬೇಡ ಬಿಡು. ಅವರ ಮುಖ ನೋಡ್ಕೊಂಡು ನಾನು ದಿನಾ ಕೆಲಸ ಮಾಡಬೇಕು. ನಿನ್ನ ಕೆಲಸಕ್ಕೂ ಕುತ್ತು ಬರೋದು ಬೇಡ."

ಅದಾದ ಎರಡು ವಾರಕ್ಕೆ ಮೂರನೇ ವರ್ಷದ ವರದಿ ಬರೆಯುವ ಸರದಿ. ಉದ್ದೇಶ, ಗುರಿ, ಸಾಧನೆ ಎಲ್ಲ ಖಾನೆಗಳನ್ನೂ ಅವಳು ಎಂದಿನಂತೆ ತುಂಬಿದಳು. ನೂರ ಇಪ್ಪತ್ತು ಜನರಲ್ಲಿ ಒಬ್ಬರೂ ಬಿಟ್ಟುಹೋಗಿರಲಿಲ್ಲ, ಅಂಥ ಯೋಜನೆ ಸಿಗುವುದೇ ಅಪರೂಪ. ಎರಡು ಶೆಡ್ಡಿನ ನಡುವಿನ ಅಂತರ ನಿರೀಕ್ಷೆಗಿಂತ ಚೆನ್ನಾಗಿ ಕಾಣುತ್ತಿದೆ ಎಂದು ಬರೆದಳು. ಬರೆದಾದ ಮೇಲೆ 'ಚೆನ್ನಾಗಿ' ಹೊಡೆದುಹಾಕಿ 'ಸ್ಪಷ್ಟವಾಗಿ' ಎಂದು ಮಾಡಿದಳು. ಹನ್ನೊಂದನೇ ಪುಟದಲ್ಲಿ 'ಎದುರಾದ ಅಡಚಣೆಗಳು' ಎಂಬ ಖಾನೆ. ಪ್ರತಿ ಸಲ ಅಲ್ಲಿ 'ಇಲ್ಲ' ಎನ್ನುತ್ತಿದ್ದವಳು ಈ ಸಲ ಹೀಗೆ ಬರೆದಳು: ಎರಡನೇ ಶೆಡ್ಡಿನವರ ಕಿವಿ ಕೆಡುತ್ತಿದೆ. ಅದು ನಮಗೆ ಗೊತ್ತಿದೆ. ಅವರಿಗೆ ನಾವು ಹೇಳಿಲ್ಲ.

ಮೇಡಂ ಕರಡು ಓದುತ್ತಾ ಆ ಪುಟಕ್ಕೆ ಬಂದರು. ಬೈಯಲಿಲ್ಲ. ಇದು ಅಡಚಣೆ ಅಲ್ಲಮ್ಮ, ಇದೇ ನಮ್ಮ ಫಲಿತಾಂಶ, ಈಗ ಹೇಳಿದರೆ ಅವರು ಹತ್ತಿ ತುರುಕಿಕೊಳ್ಳುತ್ತಾರೆ, ಹೋಲಿಕೆ ಕೆಡುತ್ತೆ ಎಂದರು. ಪೆನ್ನು ತೆಗೆದು ಮೂರು ಸಾಲಿನ ಮೇಲೂ ಗೆರೆ ಎಳೆದು 'ಇಲ್ಲ' ಎಂದು ತಾವೇ ಬರೆದರು. ಅವಳು ಅದನ್ನು ಟೈಪು ಮಾಡಿದಳು. ಮಾಡುವುದಿಲ್ಲ ಅನ್ನಬಹುದಿತ್ತು. ಅಂದಿದ್ದರೆ ಪಕ್ಕದ ಮೇಜಿನವಳು ಮಾಡುತ್ತಿದ್ದಳು.

ಎರಡು ತಿಂಗಳಿಗೆ ಮಂಡಳಿಯಿಂದ ಪತ್ರ ಬಂತು. ಪ್ರಗತಿ ಅತ್ಯಂತ ತೃಪ್ತಿಕರ, ವರದಿ ಮಾದರಿಯಾಗಿದೆ, ಇಷ್ಟು ಒಳ್ಳೆಯ ಕೆಲಸವನ್ನು ನಾಲ್ಕು ವರ್ಷಕ್ಕೇ ನಿಲ್ಲಿಸುವುದು ತರವಲ್ಲ, ಇನ್ನೆರಡು ವರ್ಷ ವಿಸ್ತರಿಸಲಾಗಿದೆ. ಮೇಡಂ ಎಲ್ಲರೆದುರು ಅವಳ ಭುಜ ತಟ್ಟಿ, ಇದೆಲ್ಲ ನಮ್ಮ ವರದಿಯಮ್ಮನ ಕೈಗುಣ ಎಂದರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಅವಳೂ ನಕ್ಕಳು. ನಗದೆ ಇನ್ನೇನು ಮಾಡಬೇಕೆಂದು ಗೊತ್ತಾಗಲಿಲ್ಲ. ಒಂದಿದ್ದದ್ದು ಮೂರು ವರ್ಷವಾಯಿತು.

ಸಂಜೆ ಅಣ್ಣನ ಎದುರು ನಿಂತು ಹೇಳಿದಳು. ಅವನು ಅವಳ ತುಟಿ ನೋಡುತ್ತಾ ಕೇಳಿಸಿಕೊಂಡ. ನಿನ್ನ ಕೆಲಸವೂ ಮೂರು ವರ್ಷ ಗಟ್ಟಿಯಾಯಿತಲ್ಲ, ಒಳ್ಳೆಯದೇ ಆಯಿತು ಎಂದ. ಅದು ವ್ಯಂಗ್ಯವಾಗಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ನಿಜವಾಗಿಯೂ ಸಂತೋಷಪಟ್ಟಿದ್ದ.

ಮುಂದಿನ ಪರೀಕ್ಷೆಯ ದಿನ ನಲವತ್ತೇಳನೆಯವನಾಗಿ ಅಣ್ಣ ಗಾಜಿನಾಚೆ ಬಂದು ಕೂತ. ಅವಳು ದನಿ ಕಳಿಸಿದಳು, ಅವನು ಗುಂಡಿ ಒತ್ತಿದ. ಇನ್ನೂ ತೆಳುವಾದದ್ದನ್ನು ಕಳಿಸಿದಳು, ಅದಕ್ಕೂ ಒತ್ತಿದ. ಆರು ತಿಂಗಳ ಹಿಂದೆ ಕೇಳಿಸದಿದ್ದದ್ದೆಲ್ಲ ಕೇಳಿಸುತ್ತಿದೆಯಲ್ಲ ಎಂದು ಅವಳು ಒಂದು ಕ್ಷಣ ಹಿಗ್ಗಿದಳು. ಆಮೇಲೆ ತಲೆಯೆತ್ತಿ ನೋಡಿದಳು. ಅಣ್ಣನ ಕಣ್ಣು ಅವಳ ಕೈಮೇಲಿತ್ತು. ಅವಳ ಬೆರಳು ಗುಂಡಿಯ ಮೇಲೆ ಅದುಮಿದ ಕೂಡಲೇ ಅವನೂ ಅದುಮುತ್ತಿದ್ದ. ಚಿಕ್ಕಂದಿನಲ್ಲಿ ಅವಳಿಗೆ ಲೆಕ್ಕ ಬರದಾಗ ಮೇಷ್ಟರ ಬೆನ್ನ ಹಿಂದೆ ನಿಂತು ಬೆರಳು ತೋರಿಸುತ್ತಿದ್ದವನು ಅವನು. ಈಗಲೂ ತಂಗಿಗೆ ಸಹಾಯವಾಗಲಿ ಎಂದೇ ಮಾಡುತ್ತಿದ್ದ.

ಅವಳು ಹಾಳೆಯ ಅಂಚಿನಲ್ಲಿ 'ಮರುಪರೀಕ್ಷೆ' ಎಂದು ಬರೆದಳು. ಕುರ್ಚಿ ತಿರುಗಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಗೆ ಬೆನ್ನು ಹಾಕಿ ಕೂತು, ಮೊದಲಿನಿಂದ ಶುರುಮಾಡಿದಳು. ದನಿ ಕಳಿಸಿದಳು. ಪೆಟ್ಟಿಗೆಯ ಪುಟ್ಟ ದೀಪ ಹೊತ್ತಲಿಲ್ಲ. ಒಂದಿಷ್ಟು ಗಟ್ಟಿ ಮಾಡಿದಳು. ಹೊತ್ತಲಿಲ್ಲ. ಇನ್ನೊಂದಿಷ್ಟು. ಹೊರಗೆ ನಲವತ್ತೆಂಟನೆಯವನು ವ್ಯಾನಿನ ಮೆಟ್ಟಿಲ ಮೇಲೆ ಕಾಯುತ್ತಿದ್ದ.